ನಮ್ಮನೆ ‘ಮೆಣಸು’ ಇನ್ನೂ ಬಂದಿಲ್ಲ!



ಚಿಕ್ಕವರಿದ್ದಾಗ ನಿಮ್ಮಲ್ಲಿ ಎಷ್ಟು ಜನ ‘ಕ’ ಭಾಷೆ ಆಡಿದ್ದೀರಿ? ಪ್ರತಿ ಅಕ್ಷರಕ್ಕೆ ಮುಂಚೆ ಒಂದು ‘ಕ’ ಸೇರಿಸಿದರೆ ಆಯಿತು. ‘ಬಾ ಇಲ್ಲಿ’ ಎಂಬುದು ‘ಕಬಾ ಕಇಕಲ್ಲಿ’. ದೊಡ್ಡವರಿಗೆ ತಿಳಿಯದಂತೆ ಹುಣಸೆಹಣ್ಣು ಕದಿಯುವ ಸಂಚೆಲ್ಲ ಅದರಲ್ಲೇ!

ಲಂಡನ್ನಿನ ಈಸ್ಟ್ ಎಂಡ್‌ನ ಬೀದಿ ವ್ಯಾಪಾರಿಗಳದೂ ಇಂಥದೇ ತುಂಟಾಟ. 1859ರಲ್ಲಿ ಜಾನ್ ಕ್ಯಾಮ್ಡೆನ್ ಹಾಟನ್ ಪ್ರಕಟಿಸಿದ ಆಡುಮಾತಿನ ನಿಘಂಟಿನಲ್ಲೇ ಅವರ ಪ್ರಾಸದ ಮಾತುಗಳಿಗೆ ಜಾಗ ಸಿಕ್ಕಿದೆ. ‘ಹೆಡ್’ ಎನ್ನಲು ಪ್ರಾಸಕ್ಕೆ ‘ಲೋಫ್ ಆಫ್ ಬ್ರೆಡ್’. ಆಮೇಲೆ ಪ್ರಾಸದ ಬ್ರೆಡ್ಡನ್ನೇ ಕೈಬಿಟ್ಟು ಬರೀ ‘ಲೋಫ್’! ‘ಲೋಫ್ ಉಪಯೋಗಿಸು’ ಎಂದರೆ ‘ತಲೆ ಓಡಿಸು’ ಎಂದರ್ಥ. ಹೊರಗಿನವರಿಗೆ ತಲೆಬುಡ ತಿಳಿಯದು.

ಗುಜರಾತಿಗೆ ಬಂದ ಮೇಲೆ ನಮಗೆ ಕನ್ನಡವೇ ಗುಟ್ಟಿನ ಭಾಷೆಯಾಯಿತು. ಸೂರತ್‌ನ ಸೀರೆ ಅಂಗಡಿಯಲ್ಲಿ ‘ಅರ್ಧಕ್ಕೆ ಕೇಳೇ’ ಎಂದು ನಾನು ತಂಗಿಗೆ ಪಿಸುಗುಟ್ಟಿದರೆ, ಅಂಗಡಿಯವರು ನಗುತ್ತಾ, ‘ಅಮ್ಮಾ, ನಾನು ಚಿಕ್ಕಪೇಟೆಯಲ್ಲಿ ವ್ಯಾಪಾರ ಮಾಡಿದವನು’ ಎನ್ನಬೇಕೇ! ಅಂದು ನಾವೂ ನಕ್ಕೆವು.

ನಗು ಬಾರದ್ದು ಮನೆಯಲ್ಲಿ. ಮೊಮ್ಮಗಳಿಗೆ ತಿಳಿಯಬಾರದ್ದನ್ನೆಲ್ಲ, ಯಾರದೋ ಕಾಯಿಲೆ, ಹಣದ ಕಷ್ಟ, ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಅವಳೊಡನೆ ಮಾತ್ರ ಗುಜರಾತಿ, ಇಂಗ್ಲಿಷು. ಒಂದು ದಿನ ಅವಳು ಮುಖ ಸಪ್ಪಗೆ ಮಾಡಿಕೊಂಡು, ‘ಅಜ್ಜಿ, ನಾನು ಬಂದರೆ ನೀವು ಯಾಕೆ ಭಾಷೆ ಬದಲಾಯಿಸ್ತೀರಿ?’ ಎಂದು ಗುಜರಾತಿಯಲ್ಲಿ ಕೇಳಿದಳು. ನನ್ನ ಎದೆ ಧಸಕ್ಕೆಂದಿತು. ಮಕ್ಕಳು ಕನ್ನಡ ಕಲಿಯುವುದಿಲ್ಲ ಎಂದು ದೂರುವ ನಾನೇ ಅವಳನ್ನು ಹೊಸಿಲಾಚೆ ನಿಲ್ಲಿಸಿದ್ದೆ.

ಅಂದು ಸಂಜೆಯೇ ಆಟ ಶುರು. ಅವಳ ಗುಜರಾತಿ ‘ಚಾ-ಬಾ’ಗೆ ನಮ್ಮ ‘ಕಾಫಿ-ಗೀಫಿ’ ಜೋಡಿ ಎಂದೊಡನೆ ಅವಳಿಗೆ ಹುರುಪು ಬಂತು. ಲಂಡನ್ನಿನವರ ಹಾಗೆ ನಾವೂ ಪ್ರಾಸ ಕಟ್ಟಿದೆವು. ತಲೆಗೆ ‘ಬಾಳೆಯ ಎಲೆ’, ಆದ್ದರಿಂದ ‘ಸ್ವಲ್ಪ ಬಾಳೆ ಓಡಿಸು’. ದುಡ್ಡಿಗೆ ‘ರವೆ ಲಡ್ಡು’, ಆದ್ದರಿಂದ ‘ಪರ್ಸಿನಲ್ಲಿ ರವೆ ಎಷ್ಟಿದೆ?’ ಗಂಡನಿಗೆ ‘ಮೆಣಸಿನ ಬೋಂಡ’. ಈಗ ನಮ್ಮನೆಯಲ್ಲಿ ‘ಮೆಣಸು ಇನ್ನೂ ಆಫೀಸಿನಿಂದ ಬಂದಿಲ್ಲ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಮೆಣಸೊಬ್ಬರನ್ನು ಬಿಟ್ಟು!

ಪ್ರಾಸ ಕಟ್ಟಬೇಕಾದರೆ ಪದ ಬೇಕು. ಹಾಗಾಗಿ ಅವಳು ದಿನಕ್ಕೆ ಹತ್ತು ಕನ್ನಡ ಪದ ಕೇಳುತ್ತಾಳೆ. ಗುಟ್ಟು ಅದೇ, ಆದರೆ ಈಗ ಅವಳು ಗುಟ್ಟಿನ ಒಳಗಿದ್ದಾಳೆ.

ಮುಂದಿನ ಸಭೆಗೆ ನೀವೂ ಮಕ್ಕಳ ಜೊತೆ ಕೂತು ಕಟ್ಟಿದ ಒಂದೊಂದು ಪ್ರಾಸ ತನ್ನಿ. ‘ಅತ್ತೆ’ಗೆ ಮಾತ್ರ ನೋಡಿಕೊಂಡು ಕಟ್ಟಿ, ನಾನೂ ಒಬ್ಬ ಅತ್ತೆಯೇ! ಕನಕಮಕಸ್ಕಾಕರ.