ತೆಗೆಯುತ್ತ ತೆಗೆಯುತ್ತ ಆದ ಚರ್ಚು



ಹಳೆಯ ಚರ್ಚುಗಳ ಕಥೆ ಹೇಳುವವರು ಯಾವ ದೊರೆ ಏನು ಕಟ್ಟಿಸಿದ, ಯಾವ ಶಿಲ್ಪಿ ಏನು ಕೆತ್ತಿದ ಎಂಬ ಲೆಕ್ಕ ಒಪ್ಪಿಸುವುದು ರೂಢಿ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಪಟ್ಟಣದ ಗ್ರೋಸ್‌ಮ್ಯುನ್‌ಸ್ಟರ್ ಚರ್ಚಿನ ಮಟ್ಟಿಗೆ ಈ ಲೆಕ್ಕ ತಿರುಗುಮುರುಗು. ಅಲ್ಲಿಂದ ಏನೇನು ತೆಗೆದುಹಾಕಿದರು ಎಂಬುದರಲ್ಲೇ ಅದರ ಸ್ವಾರಸ್ಯವಿದೆ.

ಮೊದಲು ಜಾಗದ ಪರಿಚಯ. ಸರೋವರದ ನೀರು ಲಿಮ್ಮಾತ್ ನದಿಯಾಗಿ ಹೊರಡುವ ಕಡೆ, ಬಲದಂಡೆಯ ದಿಬ್ಬದ ಮೇಲೆ ಜೋಡಿ ಗೋಪುರಗಳ ಈ ಚರ್ಚು ನಿಂತಿದೆ. ಊರಿನ ಐತಿಹ್ಯದ ಪ್ರಕಾರ ಫೆಲಿಕ್ಸ್ ಮತ್ತು ರೆಗುಲಾ ಎಂಬ ಅಣ್ಣತಂಗಿಯರನ್ನು ರೋಮನ್ನರ ಕಾಲದಲ್ಲಿ ನದಿಯ ಪಕ್ಕದಲ್ಲೇ ಶಿರಚ್ಛೇದ ಮಾಡಿದರು. ಅವರು ತಮ್ಮ ತಲೆಗಳನ್ನು ತಾವೇ ಕೈಯಲ್ಲಿ ಹಿಡಿದು ದಿಬ್ಬವೇರಿ ಬಂದು ಮಣ್ಣಾದರಂತೆ. ಶತಮಾನಗಳ ನಂತರ ಚಕ್ರವರ್ತಿ ಶಾರ್ಲಮೇನ್ ಜಿಂಕೆಯೊಂದರ ಬೆನ್ನುಹತ್ತಿ ಬಂದಾಗ ಅವನ ಕುದುರೆ ಆ ಸಮಾಧಿಗಳ ಮುಂದೆ ಮಂಡಿಯೂರಿತಂತೆ. ಯಾತ್ರಿಕರನ್ನು ಸೆಳೆಯಲು ಇಷ್ಟು ಸಾಕಲ್ಲ! ಸುಮಾರು 1100ರಲ್ಲಿ ಆರಂಭವಾದ ಈಗಿನ ಕಟ್ಟಡ ಮುಗಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ದಪ್ಪ ಕಲ್ಲುಗೋಡೆ, ಅರ್ಧವೃತ್ತದ ಕಮಾನು, ಪಕ್ಕಸಾಲುಗಳ ಮೇಲೆ ಗ್ಯಾಲರಿ. ಹೀಗೆ ಇದು ರೋಮನೆಸ್ಕ್ ಶೈಲಿಯ ಗಟ್ಟಿ ಕಟ್ಟಡ. ಪೂರ್ವದ ತುದಿಯಲ್ಲಿ ಗರ್ಭಗುಡಿಯಂಥ ಭಾಗ ಮೆಟ್ಟಿಲುಗಳ ಮೇಲಿದೆ, ಅದರ ಕೆಳಗೆ ಕಂಬಗಳ ನೆಲಮಾಳಿಗೆ.

1519ರ ಜನವರಿ 1ರಂದು ಇಲ್ಲಿಗೆ ಹೊಸ ಪಾದ್ರಿ ಬಂದ. ಹೆಸರು ಹುಲ್ಡ್ರಿಖ್ ಜ್ವಿಂಗ್ಲಿ. ಅಂದೇ ಅವನಿಗೆ ಮೂವತ್ತೈದು ತುಂಬಿತು. ವರ್ಷದ ಆಯಾ ಭಾನುವಾರಕ್ಕೆಂದು ಗೊತ್ತುಮಾಡಿದ ಬೈಬಲ್ ತುಣುಕುಗಳನ್ನು ಬದಿಗಿಟ್ಟು, ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಸಾಲುಸಾಲಾಗಿ ವಿವರಿಸತೊಡಗಿದ. ಕೇಳಲು ಸಣ್ಣ ಬದಲಾವಣೆ. ಆದರೆ ಗ್ರಂಥವನ್ನು ಪೂರ್ತಿ ಓದುತ್ತ ಹೋದ ಹಾಗೆ, ಇದರಲ್ಲಿ ಇಲ್ಲದ್ದು ನಮ್ಮ ಚರ್ಚಿನಲ್ಲಿ ಏಕಿದೆ ಎಂಬ ಪ್ರಶ್ನೆ ಏಳಲೇಬೇಕು. ಎದ್ದಿತು. 1522ರಲ್ಲಿ ಮುದ್ರಕ ಫ್ರೋಶಾವರನ ಮನೆಯಲ್ಲಿ ಉಪವಾಸಕಾಲದಲ್ಲೇ ಕೆಲವರು ಸಾಸೇಜ್ ತಿಂದರು. ಜ್ವಿಂಗ್ಲಿ ತಾನು ತಿನ್ನಲಿಲ್ಲ, ತಿಂದವರ ಪರ ನಿಂತ. ಮರುವರ್ಷ ನಗರಸಭೆ ಬಹಿರಂಗ ವಾದ ನಡೆಸಿ ಅವನ ಬೋಧನೆ ಮುಂದುವರಿಯಲಿ ಎಂದಿತು. ತೀರ್ಪು ಕೊಟ್ಟದ್ದು ಬಿಷಪ್ ಅಲ್ಲ, ಊರಿನ ವರ್ತಕರೂ ಕಸುಬುದಾರರೂ ಕೂಡಿದ ಸಭೆ ಎಂಬುದನ್ನು ನೆನಪಿಡಬೇಕು. ಜ್ವಿಂಗ್ಲಿಯ ಈ ಸುಧಾರಣೆಯಿಂದ ಬೆಳೆದ ರಿಫಾರ್ಮ್ಡ್ ಚರ್ಚು ಹುಟ್ಟಿದ್ದೇ ಊರಿನ ಚರ್ಚಾಗಿ.

1524ರ ಬೇಸಿಗೆಯಲ್ಲಿ ಆ ಸಭೆ ಮೂರ್ತಿಗಳನ್ನೂ ಚಿತ್ರಗಳನ್ನೂ ತೆಗೆಯಲು ಆಜ್ಞೆ ಹೊರಡಿಸಿತು. ಮೂರ್ತಿಭಂಜನೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗದ್ದಲದ ಗುಂಪು, ಸುತ್ತಿಗೆ, ಬೆಂಕಿ. ಜ್ಯೂರಿಕ್‌ನಲ್ಲಿ ಅಲ್ಲಲ್ಲಿ ಅಂಥದ್ದೂ ನಡೆದಿತ್ತು, ಅದಕ್ಕೇ ಸಭೆ ಎಚ್ಚೆತ್ತುಕೊಂಡಿತು. ಚಿತ್ರ ಮಾಡಿಸಿ ಕೊಟ್ಟಿದ್ದ ಮನೆತನದವರು ತಮ್ಮದನ್ನು ಹಿಂದಕ್ಕೆ ಒಯ್ಯಬಹುದು ಎಂದಿತು. ಆಮೇಲೆ ಪಾದ್ರಿಗಳು, ಸಭೆಯ ಕಡೆಯವರು, ಕಮ್ಮಾರರು, ಬಡಗಿಗಳು, ಕಲ್ಲುಕೆಲಸದವರು ಒಳಹೊಕ್ಕು ಬಾಗಿಲು ಹಾಕಿಕೊಂಡರು. ಸುಮಾರು ಎರಡು ವಾರದಲ್ಲಿ ಊರಿನ ಚರ್ಚುಗಳೆಲ್ಲ ಬರಿದಾದವು. ಗೋಡೆಗಳಿಗೆ ಸುಣ್ಣ ಬಿತ್ತು. ಅವು ಬೆಳ್ಳಗೆ ಚೆಂದ ಕಾಣುತ್ತಿವೆ ಎಂದು ಜ್ವಿಂಗ್ಲಿ ಖುಷಿಯಿಂದ ಬರೆದ. ಕಲಾಪ್ರಿಯರಿಗೆ ಇದು ಹೊಟ್ಟೆ ಉರಿಸುವ ಮಾತು, ನನಗೂ ಹೌದು. ಆದರೂ ಅವನ ತರ್ಕ ಒರಟಲ್ಲ. ಮರದ ಸಂತನಿಗೆ ಚಿನ್ನ ಹೊದಿಸುವ ಹಣ ಹಸಿದವನಿಗೆ ಸಲ್ಲಬೇಕು ಎಂಬುದು ಅದರ ಒಂದು ಎಳೆ. ಮಠಗಳು ಮುಚ್ಚಿದಾಗ ಅವುಗಳ ಆಸ್ತಿಯ ಒಂದು ಪಾಲು ನಿಜಕ್ಕೂ ಬಡವರ ಅನ್ನಕ್ಕೆ ಹೋಯಿತು.

ಇನ್ನೊಂದು ಎಳೆಯನ್ನು ಕಟ್ಟಡವೇ ಹೇಳುತ್ತದೆ. ಅದುವರೆಗೆ ಎಲ್ಲರ ಮುಖ ಪೂರ್ವದ ಬಲಿಪೀಠದ ಕಡೆಗಿತ್ತು. ಈಗ ಬಲಿಪೀಠವಿಲ್ಲ. ಊರಿನ ಚರ್ಚುಗಳಿಂದ ಕಿತ್ತ ಪೀಠಗಳ ಕಲ್ಲುಚಪ್ಪಡಿಗಳನ್ನೇ ತಂದು, 1526ರಲ್ಲಿ ಬೋಧನೆಗೆಂದು ಹೊಸ ವೇದಿಕೆ ಕಟ್ಟಿದರು. ನೋಡುವ ಜಾಗ ಹೀಗೆ ಕೇಳುವ ಜಾಗವಾಯಿತು. ಹಿಂದೆ ಪುರೋಹಿತವರ್ಗ ಕೂರುತ್ತಿದ್ದ ಎತ್ತರದ ಭಾಗದಲ್ಲಿ 1525ರಿಂದ ಪಾಠಶಾಲೆ ಶುರುವಾಯಿತು. ಬೈಬಲ್ಲಿನ ಒಂದೊಂದೇ ಭಾಗವನ್ನು ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳಲ್ಲಿ ಒರೆಗೆ ಹಚ್ಚಿ, ಕೊನೆಗೆ ಜನರಿಗೆ ಅವರಾಡುವ ಜರ್ಮನ್ ಮಾತಿನಲ್ಲಿ ವಿವರಿಸುತ್ತಿದ್ದರು. 1531ರಲ್ಲಿ ಫ್ರೋಶಾವರ್ ಅಚ್ಚುಹಾಕಿದ ದೊಡ್ಡ ಜ್ಯೂರಿಕ್ ಬೈಬಲ್ ಇದೇ ಪಾಠದ ಫಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜ್ವಿಂಗ್ಲಿ ಕ್ಯಾಥೊಲಿಕ್ ಪ್ರಾಂತಗಳ ಜೊತೆಗಿನ ಕಾಪೆಲ್ ಕಾಳಗದಲ್ಲಿ ಸತ್ತ. ಅವನ ಜಾಗಕ್ಕೆ ಬಂದ ಬುಲಿಂಗರ್ 1575ರವರೆಗೆ, ಗದ್ದಲವಿಲ್ಲದೆ, ಉಳಿದದ್ದನ್ನು ನೆಲೆಗೊಳಿಸಿದ.

ತೆಗೆದವುಗಳಲ್ಲಿ ನನಗೆ ಒಗಟಾಗಿರುವುದು ಸಂಗೀತ. ಜ್ವಿಂಗ್ಲಿ ಹಲವು ವಾದ್ಯ ನುಡಿಸಬಲ್ಲ ರಸಿಕ. ಅಂಥವನೇ ಆರಾಧನೆಯಿಂದ ಹಾಡನ್ನು ಹೊರಗಿಟ್ಟ. ಮೊದಲು ಮೌನವಾದ ಆರ್ಗನ್ನನ್ನು 1527ರಲ್ಲಿ ಬಿಚ್ಚಿಹಾಕಿದರು. ಹಾಡು ಮರಳಲು 1598 ಬರಬೇಕಾಯಿತು, ಆರ್ಗನ್ ಮರಳಲು 1876. ಪ್ರಾಯಶಃ ಸಂಗೀತದ ಸೆಳೆತ ಎಷ್ಟೆಂಬುದು ಚೆನ್ನಾಗಿ ಗೊತ್ತಿದ್ದವನೇ ಅದಕ್ಕೆ ಹೆಚ್ಚು ಹೆದರಿದ.

ಈ ಕಥೆಯಲ್ಲಿ ಸುಣ್ಣ ಬಳಿದು ಮುಚ್ಚಲಾಗದ ಕಲೆಯೂ ಒಂದಿದೆ. ಇದೇ ಚರ್ಚಿನ ಪುರೋಹಿತನೊಬ್ಬನ ಮಗ ಫೆಲಿಕ್ಸ್ ಮಾಂಟ್ಸ್, ಜ್ವಿಂಗ್ಲಿಯ ಜೊತೆಗೇ ಹೀಬ್ರೂ ಕಲಿತವನು. ಗ್ರಂಥದಲ್ಲಿ ಇಲ್ಲದ್ದನ್ನು ತೆಗೆಯುವುದಾದರೆ ಶಿಶುಗಳ ದೀಕ್ಷಾಸ್ನಾನವನ್ನೂ ತೆಗೆಯಿರಿ ಎಂದ. ನಗರಸಭೆ 1527ರ ಜನವರಿ 5ರಂದು ಅವನನ್ನು ಕೈಕಾಲು ಕಟ್ಟಿ ಲಿಮ್ಮಾತ್‌ನಲ್ಲಿ ಮುಳುಗಿಸಿ ಕೊಂದಿತು. ನದಿದಂಡೆಯಲ್ಲಿ ಅವನ ನೆನಪಿನ ಫಲಕ ಬಂದದ್ದು 2004ರಲ್ಲಿ.

ತೆಗೆದದ್ದೆಲ್ಲ ನಾಶವಾಗಲಿಲ್ಲ ಎನ್ನುವುದಕ್ಕೆ ಒಂದು ಮೋಜಿನ ಸಾಕ್ಷಿಯಿದೆ. ಹಿರಿಯ ಹಾನ್ಸ್ ಲಾಯ್ ಎಂಬ ಕಲಾವಿದ ಈ ಚರ್ಚಿಗಾಗಿ ಫೆಲಿಕ್ಸ್, ರೆಗುಲಾ ಸಂತರ ಸಾಹಸವನ್ನು ಚಿತ್ರಿಸುವಾಗ ಹಿನ್ನೆಲೆಯಲ್ಲಿ ಜ್ಯೂರಿಕ್ ಊರನ್ನು ಮನೆಮನೆಯಾಗಿ ಬರೆದಿದ್ದ. ಊರಿನ ಚಿತ್ರ ಚೆನ್ನಾಗಿದೆ, ಸಂತರು ಮಾತ್ರ ಬೇಡ. ಮುಂದಿನವರು ಸಂತರ ಮೇಲೆ ಬಣ್ಣ ಬಳಿದು ಅದನ್ನು ನಗರದ ನೋಟವಾಗಿ ಇಟ್ಟುಕೊಂಡರು. 1930ರ ದಶಕದಲ್ಲಿ ಬಣ್ಣ ಕಿತ್ತಾಗ ತಲೆ ಕೈಯಲ್ಲಿ ಹಿಡಿದ ಸಂತರು ಮತ್ತೆ ಕಾಣಿಸಿಕೊಂಡರು. ಈಗ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾರೆ. ಇನ್ನು ಜ್ಯೂರಿಕ್‌ನ ಮೊಹರಿನಿಂದಂತೂ ಅವರು ಕದಲಲೇ ಇಲ್ಲ. ಚರ್ಚಿನಲ್ಲಿ ಬೇಡವಾದವರು ಕಡತಗಳಿಗೆ ಬೇಕಾಗಿದ್ದರು.

ಗೋಪುರಗಳದ್ದು ಬೇರೆ ಕಥೆ. 1487ರ ನಂತರ ಎರಡನ್ನೂ ಸರಿಸಮ ಎತ್ತರಕ್ಕೇರಿಸಿ ಚೂಪು ಶಿಖರ ಇಟ್ಟಿದ್ದರು. 1763ರಲ್ಲಿ ಸಿಡಿಲಿನ ಬೆಂಕಿಗೆ ಒಂದು ಶಿಖರ ಉರಿಯಿತು. ಇಡೀ ಚರ್ಚನ್ನೇ ಕೆಡವಿ ಹೊಸದು ಕಟ್ಟೋಣ ಎಂಬ ಮಾತೂ ಎದ್ದು ಅಡಗಿತು. 1780ರ ದಶಕದಲ್ಲಿ ಈಗಿನ ಎಂಟುಮೂಲೆಯ ಗಾಥಿಕ್ ಮುಡಿಗಳು ಬಂದವು. ಕೆಳಗಿನ ರೋಮನೆಸ್ಕ್ ದೇಹಕ್ಕೆ ಅವು ಒಗ್ಗುವುದಿಲ್ಲ ಎಂದು ಬಲ್ಲವರು ಮೂಗು ಮುರಿಯುತ್ತಾರೆ. ಊರಿನ ಗುರುತಾಗಿರುವುದು ಅವೇ. ದಕ್ಷಿಣ ಗೋಪುರದ ಹೊರಗೆ ಶಾರ್ಲಮೇನ್ ಕೂತಿದ್ದಾನೆ. ಅದು ಪ್ರತಿ, ಹದಿನೈದನೆಯ ಶತಮಾನದ ಮೂಲಶಿಲ್ಪ ನೆಲಮಾಳಿಗೆಯಲ್ಲಿದೆ. ಆ ಗೋಪುರ ಹತ್ತಲು 187 ಮೆಟ್ಟಿಲು.

ಕನ್ನಡಿಗರಿಗೆ ಈ ರಿಫಾರ್ಮ್ಡ್ ಪರಂಪರೆ ತೀರ ದೂರದ್ದಲ್ಲ. ಜ್ವಿಂಗ್ಲಿಯ ಗೆಳೆಯ ಎಕೊಲಂಪಾಡಿಯಸ್ ಸುಧಾರಣೆ ತಂದ ನಗರ ಬಾಸೆಲ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಜರ್ಮನಿಯ ಲೂಥರನ್ನರೂ ಸ್ವಿಸ್ ರಿಫಾರ್ಮ್ಡ್ ಜನರೂ ಬೆರೆತಿದ್ದರು. ಜನರಾಡುವ ಮಾತಿನಲ್ಲೇ ಗ್ರಂಥ ಸಿಗಬೇಕು ಎಂಬ ಹಟ ಅವರಿಗೂ ಇತ್ತು. ಅವರ ಅಚ್ಚುಕೂಟದಿಂದ ನಮಗೆ ಸಿಕ್ಕದ್ದೇನೆಂದು ಕೇಳುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಚಿತ್ರಗಳು ಕಿಟಕಿಯ ದಾರಿಯಲ್ಲಿ ಒಳಬಂದವು. 1933ರಲ್ಲಿ ಔಗುಸ್ಟೊ ಜಾಕೊಮೆಟ್ಟಿ ಪೂರ್ವಗೋಡೆಯ ಮೂರು ಕಿಟಕಿಗಳಿಗೆ ಕ್ರಿಸ್ತಜನನದ ಬಣ್ಣದ ಗಾಜು ಕೂಡಿಸಿದ. ಬಲಿಪೀಠ ತೆಗೆದ ದಿಕ್ಕಿನಲ್ಲೇ ತಾಯಿ ಮರಿಯ ಬಂದು ನಿಂತಳು. ಅವು ಸುಂದರ, ನಿಜ. ನನ್ನ ಮನಸ್ಸು ಒಲಿಯುವುದು 2009ರಲ್ಲಿ ಸಿಗ್ಮಾರ್ ಪೋಲ್ಕೆ ಮುಗಿಸಿದ ಹನ್ನೆರಡು ಕಿಟಕಿಗಳಿಗೆ. ಏಳರಲ್ಲಿ ಗಾಜಿನ ಬದಲು ಅಗೇಟ್ ಶಿಲೆಯ ತೆಳು ಹೋಳುಗಳನ್ನು ಸೀಸದಲ್ಲಿ ಬೆಸೆದಿದ್ದಾನೆ. ಕಲ್ಲಿನೊಳಗಿನ ಸುರುಳಿಗಳು ಬೆಳಕಿಗೆ ಉರಿಯುತ್ತವೆ, ಯಾರ ಮುಖವೂ ಅಲ್ಲಿಲ್ಲ. ಜ್ವಿಂಗ್ಲಿ ಎದ್ದುಬಂದರೂ ಅವುಗಳ ಮೇಲೆ ಆಕ್ಷೇಪ ಹೂಡಲು ಹೆಣಗಬೇಕು. ಉಳಿದ ಐದರಲ್ಲಿ ಎಲೀಯ, ದಾವೀದ, ಇಸಾಕ ಎಲ್ಲ ಇದ್ದಾರೆ. ಅವುಗಳಿಗೆ ಮಾತ್ರ ನಗರಸಭೆಯ ಮುಂದೆ ಇನ್ನೊಂದು ವಾದ ನಡೆಯಬೇಕಾದೀತು.