ಚೆಕ್ ಇಂಜಿನ್ ಲೈಟ್ ಆರಿಸೋದು ಬೇರೆ, ರಿಪೇರಿ ಬೇರೆ

ಹಿಂದೆ ಸದ್ದು ಕೇಳ್ತಿದ್ರೆ ಅದು ಮಳೆ. ಆಲೂರಿನ ಹತ್ರ ನಮ್ಮ ಮನೇಲೇ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಇವತ್ತಿನ ವಿಷಯ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಹತ್ತೋ ಹಳದಿ ಲೈಟು. ಇಂಜಿನ್ ಚಿತ್ರ ಇರುತ್ತಲ್ಲ, ಅದೇ, ಚೆಕ್ ಇಂಜಿನ್ ಲೈಟ್.

ನಮ್ಮದು 2014ರ ಪೆಟ್ರೋಲ್ ಕಾರು, ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಮ್ಮನನ್ನ ತಿಂಗಳಿಗೊಂದು ಸಲ ಮಂಗಳೂರಿಗೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಬೇಕು. ಅಂದ್ರೆ ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲ್ ದಾಟಿ ಶಿರಾಡಿ ಘಾಟ್ ಇಳೀಬೇಕು, ಸಂಜೆ ಅದೇ ಘಾಟ್ ಹತ್ತಬೇಕು. ಮಳೆಗಾಲದಲ್ಲಿ ಆ ರಸ್ತೆ ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳೋದೇ ಬೇಡ. ಮಾರನಹಳ್ಳಿ ದಾಟಿದ ಮೇಲೆ ಕಾರು ನಿಂತ್ರೆ ಫೋನ್ ನೆಟ್‌ವರ್ಕೂ ನಂಬೋ ಹಾಗಿಲ್ಲ. ಹಾಗಾಗಿ ಜೂನ್‌ನಲ್ಲಿ ಆ ಲೈಟ್ ಹತ್ತಿದಾಗ ಅಪ್ಪನಿಗೆ ನಿದ್ದೆ ಹೋಯ್ತು.

ಮೊದಲನೇ ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿ, ಒಂದು ಬಟನ್ ಒತ್ತಿ, ಲೈಟ್ ಆರಿಸಿ 300 ರೂಪಾಯಿ ತಗೊಂಡ್ರು. ಎರಡು ದಿನಕ್ಕೆ ಲೈಟ್ ವಾಪಸ್. ಎರಡನೇ ಗ್ಯಾರೇಜಲ್ಲಿ 'ಆಕ್ಸಿಜನ್ ಸೆನ್ಸರ್ ಹೋಗಿದೆ' ಅಂದ್ರು. ಹೊಸದು ಹಾಕಿದ್ದಕ್ಕೆ ಲೇಬರ್ ಸೇರಿ 4,200. ಮೂರು ದಿನ ನೆಮ್ಮದಿ, ಮತ್ತೆ ಲೈಟು. ಅಷ್ಟೊತ್ತಿಗೆ ಒಬ್ಬರು ಬ್ರೋಕರ್ ಮನೆಗೆ ಬಂದು, 'ಇಂಜಿನ್ ಕಂಪ್ಲೇಂಟ್ ಇರೋ ಗಾಡಿ, 70 ಸಾವಿರಕ್ಕೆ ಕೊಟ್ಬಿಡಿ' ಅಂದ್ರು. ಅಪ್ಪ ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ರು. ನಾನು ಒಂದು ವಾರ ಟೈಮ್ ಕೇಳಿದೆ.

ಈಗ ಸ್ವಲ್ಪ ಈ ಲೈಟ್ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಕಾರಿನ ಕಂಪ್ಯೂಟರ್ ತನ್ನ ಸೆನ್ಸರ್‌ಗಳನ್ನ ತಾನೇ ಪರೀಕ್ಷೆ ಮಾಡ್ತಾ ಇರುತ್ತೆ. ಇದಕ್ಕೆ ಒಬಿಡಿ ಅಂತಾರೆ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ 2 ಕಡ್ಡಾಯ ಆಯ್ತು. ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದ್ರೆ 16 ಪಿನ್‌ನ ಒಂದು ಸಾಕೆಟ್ ಸಿಗುತ್ತೆ. ಅದಕ್ಕೆ ಹಾಕೋ ಬ್ಲೂಟೂತ್ ಅಡಾಪ್ಟರ್ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಫೋನಲ್ಲಿ ಒಂದು ಆ್ಯಪ್ ಇದ್ರೆ ಸಾಕು.

ನಾನೂ ತರಿಸಿದೆ. ಹಾಕಿದ ತಕ್ಷಣ ಏನು ಮಾಡಿದೆ ಗೊತ್ತಾ? ಖುಷಿಯಲ್ಲಿ ಕೋಡ್ ಬರೆದುಕೊಳ್ಳದೇ ಕ್ಲಿಯರ್ ಒತ್ತಿಬಿಟ್ಟೆ! ಕೇಳಿದ ಒಂದು ವಾರದಲ್ಲಿ ಎರಡು ದಿನ ಅಲ್ಲೇ ಹೋಯ್ತು. ಯಾಕಂದ್ರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಇರುತ್ತೆ. ತಪ್ಪು ಕಂಡ ಆ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಸ್ಪೀಡ್ ಎಷ್ಟಿತ್ತು ಅನ್ನೋ ದಾಖಲೆ ಅದು. ಕ್ಲಿಯರ್ ಮಾಡಿದ್ರೆ ಅದೂ ಅಳಿಸಿಹೋಗುತ್ತೆ. ಇನ್ನೊಂದು ವಿಷಯ: ಬಹಳಷ್ಟು ತಪ್ಪುಗಳಿಗೆ ಕಂಪ್ಯೂಟರ್ ಒಂದೇ ಸಲಕ್ಕೆ ಲೈಟ್ ಹಾಕಲ್ಲ. ಎರಡನೇ ಓಡಾಟದಲ್ಲೂ ಅದೇ ತಪ್ಪು ಕಂಡ್ರೆ ಮಾತ್ರ ಹಾಕುತ್ತೆ. ಹಾಗಾಗಿ ಕ್ಲಿಯರ್ ಮಾಡಿದ ಮೇಲೆ ಒಂದೆರಡು ದಿನ ಲೈಟ್ ಬರಲಿಲ್ಲ ಅಂದ್ರೆ ರಿಪೇರಿ ಆಯ್ತು ಅಂತ ಅಲ್ಲ. ಬಿಕಾಂ ಓದಿದವರಿಗೆ ಅರ್ಥ ಆಗುತ್ತೆ: ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಲ್ಲ, ಹಾಗೆ. ಪುಟ ಸರಿಹೋಯ್ತು, ತಪ್ಪು ಅಲ್ಲೇ ಇದೆ.

ಮತ್ತೆ ಲೈಟ್ ಬಂದಾಗ ಸ್ಕ್ರೀನ್‌ಶಾಟ್ ತೆಗೆದೆ. ಪಿ 0135. 'ಪಿ' ಅಂದ್ರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ವಿಭಾಗ. ಸೊನ್ನೆ ಅಂದ್ರೆ ಎಲ್ಲ ಕಂಪನಿಗೂ ಒಂದೇ ಅರ್ಥದ ಕೋಡ್. ಆಮೇಲಿನ 1 ಅಂದ್ರೆ ಪೆಟ್ರೋಲ್-ಗಾಳಿ ಲೆಕ್ಕಕ್ಕೆ ಸೇರಿದ್ದು. ಪೂರ್ತಿ ಹೆಸರು 'ಆಕ್ಸಿಜನ್ ಸೆನ್ಸರ್ ಹೀಟರ್ ಸರ್ಕ್ಯೂಟ್'. ಗ್ಯಾರೇಜಿನವರು ಮೊದಲ ಎರಡು ಪದ ಓದಿ ಸೆನ್ಸರ್ ಬದಲಾಯಿಸಿದ್ರು. ಮುಖ್ಯವಾದ ಪದ ಕೊನೇದು, ಸರ್ಕ್ಯೂಟ್. ಅಂದ್ರೆ ಫ್ಯೂಸು, ವೈರು, ಕನೆಕ್ಟರು, ಸೆನ್ಸರ್ ಒಳಗಿನ ಹೀಟರು, ಇವುಗಳಲ್ಲಿ ಯಾವುದಾದ್ರೂ ಆಗಿರಬಹುದು. ಕೋಡು ಬೀದಿ ತೋರಿಸುತ್ತೆ, ಮನೆ ನಂಬರ್ ಹೇಳಲ್ಲ.

ಸೈಲೆನ್ಸರ್ ಪೈಪಲ್ಲಿರೋ ಈ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿ ಆದ ಮೇಲೇ ಸರಿಯಾಗಿ ಕೆಲಸ ಮಾಡೋದು. ಬೇಗ ಬಿಸಿ ಆಗಲಿ ಅಂತ ಒಳಗೆ ಹೀಟರ್ ಇಟ್ಟಿರ್ತಾರೆ. ಹೀಟರ್ ಇಲ್ಲದಿದ್ರೆ ಕಾರು ಓಡುತ್ತೆ, ಆದ್ರೆ ಚಳಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಜಾಸ್ತಿ ಹೊತ್ತು ಅಂದಾಜಿನ ಮೇಲೆ ಪೆಟ್ರೋಲ್ ಕುಡಿಯುತ್ತೆ.

ತೆಗೆದು ಹಾಕಿದ ಹಳೇ ಸೆನ್ಸರ್ ನಮ್ಮ ಹತ್ರಾನೇ ಇತ್ತು. ಮಲ್ಟಿಮೀಟರಲ್ಲಿ ಅದರ ಹೀಟರ್ ನೋಡಿದೆ, 6 ಓಮ್. ಹೊಸದೂ 6 ಓಮ್. ಅಂದ್ರೆ 4,200 ಕೊಟ್ಟು ಚೆನ್ನಾಗಿರೋದನ್ನೇ ಎಸೆದಿದ್ವಿ. ಫ್ಯೂಸ್ ಸರಿ ಇತ್ತು. ಕನೆಕ್ಟರ್ ಬಿಚ್ಚಿ ನೋಡಿದೆ, 12 ವೋಲ್ಟ್ ಬರ್ತಿದೆ. ಎಲ್ಲ ಸರಿ, ಆದ್ರೂ ಲೈಟ್! ನನ್ನ ತಲೆ ಅಲ್ಲಿಗೆ ನಿಂತ್ಹೋಯ್ತು.

ಬಾಳ್ಳುಪೇಟೆ ಕಡೆ ಪಂಪ್‌ಸೆಟ್, ಟ್ರ್ಯಾಕ್ಟರ್ ವೈರಿಂಗ್ ಮಾಡೋ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರ ಹತ್ರ ಸ್ಕ್ಯಾನರ್ ಇಲ್ಲ. ಕಥೆ ಎಲ್ಲ ಕೇಳಿ, 'ಮೀಟರ್ ಎತ್ತಿಡಪ್ಪ, ಬಲ್ಬ್ ಹಾಕಣ' ಅಂದ್ರು. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಆ 12 ವೋಲ್ಟ್ ವೈರಿಗೆ ಹಿಡಿದ್ರು. ಬಲ್ಬ್ ಹತ್ತಲೇ ಇಲ್ಲ.

'ಅಣ್ಣ, ಮೀಟರಲ್ಲಿ 12 ತೋರಿಸ್ತಲ್ಲ?' ಅಂದೆ.

'ನಿನ್ನ ಮೀಟರಿಗೆ ಕರೆಂಟ್ ಎಷ್ಟು ಬೇಕು ಮಾರಾಯ? ಒಂದು ಎಳೆ ಇದ್ರೂ ತೋರಿಸ್ತದೆ. ಬಲ್ಬಿಗೆ ಹೆಚ್ಚುಕಡಿಮೆ 2 ಆಂಪಿಯರ್ ಬೇಕು.'

ವೈರ್ ಹಿಡಿದುಕೊಂಡು ಹಿಂದಕ್ಕೆ ಹೋದ್ವಿ. ಬ್ಯಾಟರಿ ಹಿಂದೆ, ಮೂಲೆಯಲ್ಲಿ, ಇಲಿ ಕಚ್ಚಿತ್ತು. ಪ್ಲಾಸ್ಟಿಕ್ ಹೋಗಿ, ತಾಮ್ರ ಹಸಿರು ಹಿಡಿದು, ಒಂದೆರಡು ಎಳೆ ಮಾತ್ರ ಉಳಿದಿತ್ತು. ಮಳೆಗಾಲದಲ್ಲಿ ನಮ್ಮ ಕಾರು ನಿಲ್ಲೋದು ಕಾಫಿ ಮೂಟೆ ಇಡೋ ಶೆಡ್ಡಲ್ಲಿ. ಹೊರಗೆ ಚಳಿ, ಇಂಜಿನ್ ಬೆಚ್ಚಗೆ. ಇಲಿಗೆ ಇನ್ನೇನು ಬೇಕು? ಕೊಳೆತ ಭಾಗ ಕತ್ತರಿಸಿ, ಹೊಸ ತುಂಡು ಸೇರಿಸಿ, ಸೋಲ್ಡರ್ ಮಾಡಿ, ಸ್ಲೀವ್ ಹಾಕಿದ್ರು. 350 ರೂಪಾಯಿ. ಇದಾಗಿ ಮೂರು ತಿಂಗಳು, ಮೂರು ಸಲ ಮಂಗಳೂರು. ಲೈಟ್ ಬಂದಿಲ್ಲ. ಕಾರು ಮಾರಲಿಲ್ಲ.

ನಾನು ಮೆಕ್ಯಾನಿಕ್‌ಗಳನ್ನ ಬೈಯೋಕೆ ಇದನ್ನ ಹೇಳ್ತಿಲ್ಲ. ಗಂಟೆಗಟ್ಟಲೆ ವೈರ್ ಹುಡುಕಿದ್ರೆ ನಾವು ಕೊಡೋದು 300. ಪಾರ್ಟ್ ಬದಲಾಯಿಸಿದ್ರೆ ಮಾತಾಡದೇ ಸಾವಿರಗಟ್ಟಲೆ ಕೊಡ್ತೀವಿ. ಆಗ ಅವರು ಯಾವುದನ್ನ ಮಾಡ್ತಾರೆ, ನೀವೇ ಹೇಳಿ. ಹುಡುಕೋದಕ್ಕೂ ದುಡ್ಡು ಕೊಡೋದು ಕಲಿಯೋಣ. ಮತ್ತೆ ಪಾರ್ಟ್ ಹಾಕೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: 'ಇದೇ ಹಾಳಾಗಿದೆ ಅಂತ ಹೇಗೆ ಗೊತ್ತಾಯ್ತು, ಸ್ವಲ್ಪ ತೋರಿಸ್ತೀರಾ?' ತೆಗೆದ ಹಳೇ ಪಾರ್ಟ್ ಕೇಳಿ ಇಟ್ಕೊಳ್ಳಿ.

ಕೊನೇದಾಗಿ ಸುರಕ್ಷತೆ. ಹಳದಿ ಲೈಟ್ ಸುಮ್ನೆ ಹತ್ತಿಕೊಂಡಿದ್ದು, ಕಾರು ಮಾಮೂಲಿ ಓಡ್ತಿದ್ರೆ ನಿಧಾನಕ್ಕೆ ಮನೆ ಸೇರಬಹುದು, ಆದ್ರೆ ತಿಂಗಳುಗಟ್ಟಲೆ ಬಿಡಬೇಡಿ. ಮಿಣುಕ್ತಾ ಇದ್ರೆ ಸಾಮಾನ್ಯವಾಗಿ ಮಿಸ್‌ಫೈರ್ ಅಂತ ಅರ್ಥ. ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಂಪಗೆ ಕಾಯುತ್ತೆ. ಅದನ್ನ ಹಿಡ್ಕೊಂಡು ಘಾಟ್ ಹತ್ತಬೇಡಿ. ಕೆಂಪು ಆಯಿಲ್ ಲೈಟ್, ಟೆಂಪರೇಚರ್ ಲೈಟ್ ಬಂದ್ರೆ ಸುರಕ್ಷಿತ ಜಾಗದಲ್ಲಿ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಮನೇಲಿ ಬಲ್ಬ್ ಪ್ರಯೋಗ ಮಾಡೋರು ಕಂಪ್ಯೂಟರಿನ ಸಿಗ್ನಲ್ ವೈರಿಗೆ, ಏರ್‌ಬ್ಯಾಗಿನ ವೈರಿಗೆ ಯಾವ ಕಾರಣಕ್ಕೂ ಮುಟ್ಟಿಸಬೇಡಿ.

ಇವತ್ತು ರಾತ್ರಿ ನಿಮ್ಮ ಕಾರಿನ ಬಾನೆಟ್ ಎತ್ತಿ ಒಂದು ಸಲ ಟಾರ್ಚ್ ಬಿಟ್ಟು ನೋಡಿ. ಇಲಿ ಹಿಕ್ಕೆ ಕಂಡ್ರೆ ಲೈಟ್ ಬರೋವರೆಗೂ ಕಾಯಬೇಡಿ. ಮುಂದಿನ ವಾರ ಸಿಗೋಣ, ಹುಷಾರಾಗಿ ಓಡಿಸಿ.