ಒಕ್ಕೂಟ ಮತ್ತು ಒಕ್ಕಣೆ

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಮತಪತ್ರದಲ್ಲಿ ಇದ್ದದ್ದು ಇಂಗ್ಲಿಷಿನ ಆರೇ ಪದಗಳ ಒಂದು ಪ್ರಶ್ನೆ. ಅದನ್ನು ಕನ್ನಡಕ್ಕೆ ತರಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು ಎದುರಾಗುತ್ತದೆ. ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?’ ಎಂದರೆ, ಅದು ಈಗ ಸ್ವತಂತ್ರವಲ್ಲ, ಇನ್ನು ಹೊಸದಾಗಿ ಆಗಬೇಕಾದದ್ದು ಎಂದಾಗುತ್ತದೆ. ‘ಸ್ವತಂತ್ರ ದೇಶವಾಗಿರಬೇಕೇ?’ ಎಂದರೆ, ಸ್ವಾತಂತ್ರ್ಯವೇ ಸಹಜ ಸ್ಥಿತಿ, ನಡುವೆ ಅದು ತಪ್ಪಿಹೋಯಿತು ಎಂಬ ಧ್ವನಿ ಹೊರಡುತ್ತದೆ. ಇಂಗ್ಲಿಷಿನ ಕ್ರಿಯಾಪದ ಈ ಎರಡನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡಿದೆ. ಕನ್ನಡ ಒಂದನ್ನು ಆರಿಸಿಕೊಳ್ಳಲೇಬೇಕು. ಒಂದು ರಾಷ್ಟ್ರ ದೊಡ್ಡ ಒಕ್ಕೂಟವನ್ನು ಬಿಡಬೇಕೇ ಬೇಡವೇ ಎಂಬ ವಾದದಲ್ಲಿ ಅರ್ಧ ಜಗಳ ಇಂಥ ಒಕ್ಕಣೆಯದ್ದು, ಉಳಿದರ್ಧ ಎಣಿಕೆಯದ್ದು.

ಇತಿಹಾಸದ ಚೌಕಟ್ಟು ಚಿಕ್ಕದು. 1603ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿಗೆ ಒಬ್ಬನೇ ಅರಸನಾದ. 1707ರ ಮೇ 1ರಂದು ಎರಡು ಸಂಸತ್ತುಗಳು ಒಂದಾದವು. ಸ್ಕಾಟ್ಲೆಂಡಿನ ಕಾನೂನು, ಚರ್ಚು, ಶಿಕ್ಷಣ ವ್ಯವಸ್ಥೆಗಳು ತಮ್ಮ ಪಾಡಿಗೆ ಉಳಿದವು. ಒಕ್ಕೂಟ ಸೇರುವಾಗ ಜನರನ್ನು ಯಾರೂ ಕೇಳಿರಲಿಲ್ಲ. ಬಿಡುವ ಮಾತು ಬಂದಾಗ ಮಾತ್ರ ಕೇಳಬೇಕಾಯಿತು.

ಹೇಗೆ ಕೇಳಬೇಕು, ಎಷ್ಟು ಮಂದಿ ‘ಹೌದು’ ಎಂದರೆ ಸಾಕು ಎಂಬ ತಗಾದೆಯ ಮೂಲ 1978ರಲ್ಲಿದೆ. ಆಗ ಚರ್ಚೆಯಲ್ಲಿದ್ದದ್ದು ಪೂರ್ಣ ಸ್ವಾತಂತ್ರ್ಯವಲ್ಲ, ಎಡಿನ್‌ಬರೋದಲ್ಲಿ ಒಂದು ಶಾಸನಸಭೆ. ಲಂಡನ್ನಿನ ಕ್ಷೇತ್ರವೊಂದರ ಲೇಬರ್ ಸದಸ್ಯ, ಹುಟ್ಟಿನಿಂದ ಸ್ಕಾಟ್ ಆದ ಜಾರ್ಜ್ ಕನಿಂಗ್‌ಹ್ಯಾಮ್ ಮಸೂದೆಗೆ ತಿದ್ದುಪಡಿ ತಂದರು. ಚಲಾಯಿತ ಮತಗಳಲ್ಲಿ ಬಹುಮತ ಬಂದರೆ ಸಾಲದು, ಮತದಾರರ ಪಟ್ಟಿಯಲ್ಲಿರುವ ಒಟ್ಟು ಜನರಲ್ಲಿ ಶೇಕಡ 40ರಷ್ಟಾದರೂ ‘ಹೌದು’ ಎನ್ನಬೇಕು. ಇಲ್ಲವಾದರೆ ಕಾಯ್ದೆಯ ರದ್ದತಿಗೆ ಸರ್ಕಾರ ಸಂಸತ್ತಿನ ಮುಂದೆ ಆದೇಶ ಇಡಬೇಕು. ತಿದ್ದುಪಡಿ ಅಂಗೀಕಾರವಾದದ್ದು 1978ರ ಜನವರಿ 25ರಂದು, ಸ್ಕಾಟರು ತಮ್ಮ ಕವಿ ರಾಬರ್ಟ್ ಬರ್ನ್ಸ್‌ನ ಹುಟ್ಟುಹಬ್ಬ ಆಚರಿಸುವ ರಾತ್ರಿ.

1979ರ ಮಾರ್ಚ್ 1ರಂದು ಮತ ಹಾಕಿದವರಲ್ಲಿ ಶೇಕಡ 51.6 ಮಂದಿ ‘ಹೌದು’ ಎಂದರು. ಪಟ್ಟಿಯ ಲೆಕ್ಕದಲ್ಲಿ ಅದು ಶೇಕಡ 32.9 ಮಾತ್ರ. ಗೆದ್ದವರು ಸೋತರು. ಮನೆಯಲ್ಲೇ ಕುಳಿತವರೂ, ಊರು ಬಿಟ್ಟುಹೋದವರೂ, ಹೆಸರು ಅಳಿಸದೆ ಉಳಿದ ಸತ್ತವರೂ ‘ಬೇಡ’ ಎಂದವರ ಸಾಲಿಗೆ ಸೇರಿದಂತಾಯಿತು. ಪಟ್ಟಿಯಲ್ಲಿ ಸತ್ತವರು ಬಾಳುವುದು ಎಂಥದ್ದೆಂದು ಮತಗಟ್ಟೆ ಕಂಡ ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ. ಅದೇ ತಿಂಗಳ 28ರಂದು ಅವಿಶ್ವಾಸ ನಿರ್ಣಯದಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಸರ್ಕಾರ 311–310ರಲ್ಲಿ, ಒಂದೇ ಮತದಿಂದ ಬಿತ್ತು. ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಬಂದರು. ಸ್ಕಾಟ್ಲೆಂಡ್ ತನ್ನ ಸಂಸತ್ತಿಗಾಗಿ ಇನ್ನೂ 20 ವರ್ಷ ಕಾಯಿತು.

ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ವಾದಕ್ಕೆ ಶಾಸ್ತ್ರದ ತಳಹದಿ ಹಾಕಿದವರಲ್ಲಿ ಒಬ್ಬ ಮೇಷ್ಟ್ರು ಮುಖ್ಯರು: ನೀಲ್ ಮೆಕಾರ್ಮಿಕ್. ಮೂವತ್ತೊಂದರ ಹರೆಯದಲ್ಲಿ, 1972ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದ ಸಾರ್ವಜನಿಕ ಕಾನೂನಿನ ಪೀಠ ಏರಿ 2008ರವರೆಗೆ ಅಲ್ಲೇ ಇದ್ದವರು. ಅವರ ಮನೆಯಲ್ಲಿ ಈ ಪಾಠ ಮೊದಲೇ ನಡೆದಿತ್ತು. ಸ್ಕಾಟ್ಲೆಂಡಿಗೆ ಮೊದಲನೆಯ ಎಲಿಜಬೆತ್ ಎಂಬವಳೇ ಇರಲಿಲ್ಲವಾದ್ದರಿಂದ ಹೊಸ ರಾಣಿಯನ್ನು ‘ಎರಡನೆಯ ಎಲಿಜಬೆತ್’ ಎನ್ನಲಾಗದು ಎಂದು 1953ರಲ್ಲಿ ದಾವೆ ಹೂಡಿದವರು ಅವರ ತಂದೆ ಜಾನ್ ಮೆಕಾರ್ಮಿಕ್. ದಾವೆ ಬಿದ್ದುಹೋಯಿತು. ಆದರೆ ತೀರ್ಪು ಬರೆದ ಲಾರ್ಡ್ ಕೂಪರ್, ಸಂಸತ್ತಿನ ಅಧಿಕಾರಕ್ಕೆ ಮೇರೆಯಿಲ್ಲ ಎಂಬ ತತ್ವ ಇಂಗ್ಲೆಂಡಿನದು, ಸ್ಕಾಟ್ಲೆಂಡಿನ ಸಂವಿಧಾನ ಪರಂಪರೆಯಲ್ಲಿ ಅದಕ್ಕೆ ಬೇರಿಲ್ಲ ಎಂದು ನುಡಿದುಬಿಟ್ಟರು. ಅಪ್ಪ ಸೋತ ಮೊಕದ್ದಮೆಯ ಆ ಮಾತು ಮಗನಿಗೆ ಬದುಕಿನುದ್ದದ ಅಧ್ಯಯನವಾಯಿತು.

ರಾಷ್ಟ್ರೀಯವಾದದಲ್ಲಿ ಎರಡು ಬಗೆಯನ್ನು ಮೆಕಾರ್ಮಿಕ್ ಗುರುತಿಸಿದರು. ‘ನಾವೊಂದು ರಾಷ್ಟ್ರ, ಆದ್ದರಿಂದ ನಮಗೊಂದು ಪ್ರಭುತ್ವ ಬೇಕು’ ಎನ್ನುವುದು ಅಸ್ತಿತ್ವದ ವಾದ. ‘ಪ್ರಭುತ್ವ ನಮ್ಮದಾದರೆ ಬದುಕು ಹಸನಾಗುತ್ತದೆ’ ಎನ್ನುವುದು ಪ್ರಯೋಜನದ ವಾದ. 2014ರಲ್ಲಿ ಮೇಲುಗೈ ಪಡೆದದ್ದು ಎರಡನೆಯದು. ಫೆಬ್ರವರಿ 13ರಂದು ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಎಡಿನ್‌ಬರೋಗೇ ಬಂದು, ಬೇರೆಯಾದರೆ ಪೌಂಡಿನಲ್ಲಿ ಪಾಲಿಲ್ಲ ಎಂದರು. ಆಗಸ್ಟ್ 5ರ ದೂರದರ್ಶನ ಚರ್ಚೆಯಲ್ಲಿ ‘ಬೇಡ’ ಪಕ್ಷದ ಮುಂದಾಳು ಅಲಿಸ್ಟರ್ ಡಾರ್ಲಿಂಗ್, ಪೌಂಡ್ ಸಿಗದಿದ್ದರೆ ಎರಡನೇ ದಾರಿ ಯಾವುದೆಂದು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಅವರನ್ನು ಬಿಡದೆ ಕೇಳಿದರು. ಉತ್ತರ ಸರಿಯಾಗಿ ಬರಲಿಲ್ಲ. ಉತ್ತರ ಸಮುದ್ರದ ತೈಲ, ಪಿಂಚಣಿ, ಐರೋಪ್ಯ ಒಕ್ಕೂಟದ ಸದಸ್ಯತ್ವ, ಕ್ಲೈಡ್ ನೌಕಾನೆಲೆಯ ಅಣುಜಲಾಂತರ್ಗಾಮಿಗಳು, ಹೀಗೆ ವಾದವೆಲ್ಲ ಜಮಾಖರ್ಚಿನ ಹಾದಿ ಹಿಡಿಯಿತು.

ಆದರೂ ಅದಕ್ಕೆ ಮೊದಲೇ ಇತ್ಯರ್ಥವಾಗಬೇಕಾದದ್ದು ಒಕ್ಕಣೆ. 2012ರ ಅಕ್ಟೋಬರ್ 15ರಂದು ಸಾಲ್ಮಂಡ್ ಮತ್ತು ಪ್ರಧಾನಿ ಡೇವಿಡ್ ಕ್ಯಾಮರಾನ್ ಜನಮತಗಣನೆ ನಡೆಸುವ ಎಡಿನ್‌ಬರೋ ಒಪ್ಪಂದಕ್ಕೆ ಸಹಿ ಹಾಕಿದರು. ಸ್ಕಾಟಿಷ್ ಸರ್ಕಾರ ಮೊದಲು ಬರೆದ ಪ್ರಶ್ನೆ ‘ಎಂಬುದನ್ನು ನೀವು ಒಪ್ಪುತ್ತೀರಾ?’ ಎಂಬ ಧಾಟಿಯದು. ಒಪ್ಪುತ್ತೀರಾ ಎಂದು ಕೇಳಿದರೆ ನಾಲಿಗೆ ಹೌದಿನತ್ತ ವಾಲುತ್ತದೆ ಎಂದು ಚುನಾವಣಾ ಆಯೋಗ ಹೇಳಿತು. ಆ ತುಂಡು ಕಳಚಿತು. 2016ರ ಬ್ರೆಕ್ಸಿಟ್ ಮತಪತ್ರಕ್ಕೂ ಅದೇ ಆಯೋಗ ಕೈ ಹಾಕಿ, ‘ಹೌದು–ಇಲ್ಲ’ದ ಜಾಗದಲ್ಲಿ ‘ಉಳಿಯಲಿ–ಬಿಡಲಿ’ ಇರಿಸಿತು. ಕರ್ನಾಟಕದ ನೆರೆಯ ಗೋವಾದಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರಕ್ಕೆ ಸೇರುವ ಪ್ರಶ್ನೆ ಬಂದಾಗ ಪದಗಳ ಹಂಗೇ ಬೇಡವೆಂದು ಹೂವು ಮತ್ತು ಎರಡೆಲೆಯ ಗುರುತುಗಳನ್ನು ಕೊಡಲಾಗಿತ್ತು. ಸೇರಬೇಡ ಎಂದ ಎರಡೆಲೆ ಗೆದ್ದಿತು.

ಯಾರು ಮತದಾರ ಎಂಬುದೂ ಒಕ್ಕಣೆಯ ಭಾಗವೇ. 2014ರಲ್ಲಿ ಹದಿನಾರು ತುಂಬಿದವರಿಗೂ ಮತವಿತ್ತು. ಹುಟ್ಟಿಗಿಂತ ವಾಸಕ್ಕೆ ಬೆಲೆ ಬಂತು. ಎಡಿನ್‌ಬರೋದಲ್ಲಿ ಕ್ರಮಬದ್ಧವಾಗಿ ನೆಲೆಸಿ ಪಟ್ಟಿಗೆ ಸೇರಿದ ಭಾರತೀಯ ಪ್ರಜೆಗೆ, ಕಾಮನ್‌ವೆಲ್ತ್ ನಾಗರಿಕನೆಂಬ ನೆಲೆಯಲ್ಲಿ, ಮತವಿತ್ತು. ಗ್ಲಾಸ್ಗೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮನೆ ಮಾಡಿದ ಸ್ಕಾಟನಿಗೆ ಇರಲಿಲ್ಲ. ಶೇಕಡ 84.6ರಷ್ಟು ಮತದಾನವಾಗಿ, ಶೇಕಡ 55.3 ಮಂದಿ ‘ಬೇಡ’, ಶೇಕಡ 44.7 ಮಂದಿ ‘ಹೌದು’ ಎಂದರು.

ಕನಿಂಗ್‌ಹ್ಯಾಮರ ಅಳತೆಗೋಲನ್ನು ಬೇರೆ ಬೇರೆ ಜನಮತಗಣನೆಗಳ ಮೇಲೆ ಇಟ್ಟು ನೋಡಿದರೆ ಕುತೂಹಲದ ಲೆಕ್ಕ ಸಿಗುತ್ತದೆ. ಸ್ಕಾಟಿಷ್ ಸಂಸತ್ತಿಗೆ ಒಪ್ಪಿಗೆ ಕೊಟ್ಟ 1997ರ ಜನಾದೇಶ ಶೇಕಡ 40ರ ಗೆರೆಯನ್ನು ದಾಟುತ್ತದೆ. 2016ರಲ್ಲಿ ‘ಬಿಡಲಿ’ ಎಂದ 1.74 ಕೋಟಿ ಮಂದಿ ಬ್ರಿಟನ್ನಿನ ಪಟ್ಟಿಯಲ್ಲಿದ್ದವರ ಶೇಕಡ 37.4 ಮಾತ್ರ. 1979ರಲ್ಲಿ ಸ್ಕಾಟರಿಗೆ ಹಾಕಿದ ಷರತ್ತನ್ನು ಹಾಕಿದ್ದರೆ ಬ್ರೆಕ್ಸಿಟ್ ಬಿದ್ದುಹೋಗುತ್ತಿತ್ತು. ಕೆನಡಾದ ಕ್ವಿಬೆಕ್‌ನಲ್ಲಿ 1995ರ ಅಕ್ಟೋಬರ್ 30ರಂದು ‘ಹೌದು’ ಪಕ್ಷ ಇಡೀ ಪಟ್ಟಿಯ ಶೇಕಡ 45ಕ್ಕೂ ಹೆಚ್ಚು ಜನರ ಮತ ಪಡೆದೂ 54,288 ಮತಗಳಿಂದ ಸೋತಿತು. ಆ ಪ್ರಾಂತ್ಯದ ವಿಚಾರದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ‘ಸ್ಪಷ್ಟ ಪ್ರಶ್ನೆ, ಸ್ಪಷ್ಟ ಬಹುಮತ’ ಬೇಕೆಂದಿತು. ಸ್ಪಷ್ಟ ಎಂದರೆ ಎಷ್ಟೆಂದು ಹೇಳಲಿಲ್ಲ. ಎಷ್ಟೆಂದು ಹೇಳಿದ್ದು ಮಾಂಟೆನೆಗ್ರೊ. ಐರೋಪ್ಯ ಒಕ್ಕೂಟದ ಒತ್ತಾಯಕ್ಕೆ ಮಣಿದು ಅಲ್ಲಿ ಶೇಕಡ 55ರ ಗೆರೆ ಹಾಕಿದರು. 2006ರ ಮೇ 21ರಂದು 55.5 ಬಂತು. ಅರ್ಧ ಶೇಕಡದ ಅಂಚಿನಲ್ಲಿ ಒಂದು ದೇಶ ಹುಟ್ಟಿತು.

ಗೆರೆ ಎತ್ತರವಾದರೆ ಬಂದು ಮತ ಹಾಕಿದವನಿಗಿಂತ ಬಾರದವನ ಮಾತು ತೂಗುತ್ತದೆ. ತಗ್ಗಾದರೆ ಒಂದು ಮಳೆಯ ದಿನದ ಅಲ್ಪ ಅಂತರ ಮುಂದಿನ ತಲೆಮಾರುಗಳನ್ನೂ ಕಟ್ಟಿಹಾಕುತ್ತದೆ. ಈ ಇಕ್ಕಟ್ಟಿನ ಮೇಲೆ ಇನ್ನೊಂದಿದೆ: ಕೇಳುವ ಹಕ್ಕು ಯಾರದು? 2016ರಲ್ಲಿ ಸ್ಕಾಟ್ಲೆಂಡಿನಲ್ಲಿ ಮತ ಹಾಕಿದವರ ಪೈಕಿ ಶೇಕಡ 62 ಮಂದಿ ಐರೋಪ್ಯ ಒಕ್ಕೂಟದಲ್ಲಿ ಉಳಿಯಲು ಬಯಸಿದ್ದರು. ಬ್ರಿಟನ್ನಿನ ಜೊತೆ ಹೊರಬರಬೇಕಾಯಿತು. ಮತ್ತೊಮ್ಮೆ ಜನರನ್ನು ಕೇಳಲು ನಿಕೊಲಾ ಸ್ಟರ್ಜನ್ ಅವರ ಸ್ಕಾಟಿಷ್ ಸರ್ಕಾರ ಹೊರಟಾಗ, ಲಂಡನ್ನಿನ ಒಪ್ಪಿಗೆಯಿಲ್ಲದೆ ಸ್ಕಾಟಿಷ್ ಸಂಸತ್ತಿಗೆ ಅಂಥ ಕಾನೂನು ಮಾಡುವ ಅಧಿಕಾರವಿಲ್ಲವೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರ ನವೆಂಬರ್ 23ರಂದು ಒಮ್ಮತದಿಂದ ತೀರ್ಪಿತ್ತಿತು. ಅದೇ ರಾಜ್ಯದ ಉತ್ತರ ಐರ್ಲೆಂಡಿಗೆ ಬಿಟ್ಟುಹೋಗುವ ದಾರಿಯನ್ನು 1998ರ ಕಾಯ್ದೆ ಬರೆದಿಟ್ಟಿದೆ. ಅಲ್ಲಿ ಸರಳ ಬಹುಮತ ಸಾಕು.

ಹಾಗಾದರೆ ಒಪ್ಪಿ ಸೇರಿದ ಒಕ್ಕೂಟದಿಂದ ಹೊರಡಲು ಉಳಿದವರ ಒಪ್ಪಿಗೆ ಬೇಕೇ? ಸೇರುವಾಗ ಕೇಳದ ಜನರನ್ನು ಬಿಡುವಾಗ ಎಷ್ಟು ಸಲ ಕೇಳಬಹುದು? ಸರಳ ಬಹುಮತ ಸಾಲದೆಂದರೆ ಹೆಚ್ಚಿನ ಗೆರೆ ಎಳೆಯುವ ಕೈ ಯಾರದಿರಬೇಕು? ಈ ಪ್ರಶ್ನೆಗಳಿಗೆ ಎಡಿನ್‌ಬರೋದಲ್ಲೂ ಲಂಡನ್ನಿನಲ್ಲೂ ಸಮ್ಮತವಾದ ಉತ್ತರವಿಲ್ಲ. ಶೇಕಡ 40ರ ಷರತ್ತನ್ನಂತೂ 1979ರ ನಂತರ ಸಂವಿಧಾನದ ವಿಚಾರವಾಗಿ ನಡೆದ ಬ್ರಿಟನ್ನಿನ ಯಾವ ಜನಮತಗಣನೆಯಲ್ಲೂ ಮತ್ತೆ ಹಾಕಿಲ್ಲ.